ಅಳಿದ ಬಣ್ಣ, ಉಳಿದ ಹೊತ್ತಗೆ

ಕ್ಷರವಿಲ್ಲದುದು ಅಕ್ಷರ, ಎಂದರೆ ನಾಶವಿಲ್ಲದುದು ಎಂದು ಬಲ್ಲವರು ಆ ಪದಕ್ಕೆ ಅರ್ಥ ಹೇಳುತ್ತಾರೆ. ಆಡಿದ ಮಾತು ಗಾಳಿಯಲ್ಲಿ ಕರಗುತ್ತದೆ, ಬರೆದ ಮಾತು ನಿಲ್ಲುತ್ತದೆ ಎಂಬ ಭರವಸೆಯಿಂದಲೇ ಮನುಷ್ಯನು ಕಲ್ಲಿನ ಮೇಲೆ, ತಾಮ್ರದ ಮೇಲೆ, ತಾಳೆಗರಿಯ ಮೇಲೆ ಬರೆದನು. ಆದರೆ ಬರೆದುದು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದೆಂದು ತಿಳಿದೂ ತಿಳಿದೂ, ಅಕ್ಷರದ ಅಂದಕ್ಕಾಗಿ ತಮ್ಮ ಹದಿಹರೆಯವನ್ನೆಲ್ಲ ತೆತ್ತ ಒಂದು ಪೀಳಿಗೆ ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿತ್ತು. ಅವರನ್ನು ಜಗತ್ತು ಗ್ರಾಫಿಟಿಯವರೆಂದು ಕರೆಯಿತು. ಅವರು ತಮ್ಮನ್ನು ‘ರೈಟರ್’ ಎಂದು, ಎಂದರೆ ಬರೆಯುವವರು ಎಂದು ಮಾತ್ರ ಕರೆದುಕೊಂಡರು. ಈ ತಿಂಗಳು ಅವರ ವಿಚಾರವಾಗಿ, ಅದರಲ್ಲಿಯೂ ಅವರು ಒಬ್ಬರಿಂದೊಬ್ಬರು ಅಕ್ಷರ ಕಲಿತ ಬಗೆಯ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ನಾವು ಬಯಸಿದ್ದೇವೆ.

ವಾಚಕ ಬಂಧುಗಳಲ್ಲಿ ಕೆಲವರು ಈಗಲೇ ಹುಬ್ಬು ಗಂಟಿಕ್ಕಿರಬಹುದು. ಸುಣ್ಣ ಬಳಿದ ಗೋಡೆಯ ಮೇಲೆ ಯಾರೋ ಪಡ್ಡೆ ಹುಡುಗರು ಬಣ್ಣ ಚೆಲ್ಲಿ ಹೋಗುವುದರಲ್ಲಿ ಕಲಿಯತಕ್ಕದ್ದೇನಿದೆ ಎಂಬ ಪ್ರಶ್ನೆ ಸಹಜವಾದುದೇ. ಅನ್ಯರ ಸೊತ್ತನ್ನು ಕೆಡಿಸುವುದು ತಪ್ಪೆಂಬುದರಲ್ಲಿ ನಮಗೂ ಎರಡು ಮಾತಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ. ಆದರೆ ಗೋಡೆಗೆ ಬರುವ ಮೊದಲು ಆ ಅಕ್ಷರಗಳು ಒಂದು ಪುಸ್ತಕದಲ್ಲಿ ಹುಟ್ಟುತ್ತಿದ್ದವು. ಆ ಪುಸ್ತಕವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಗುರುವಿಲ್ಲದ, ಶಾಲೆಯಿಲ್ಲದ, ಶುಲ್ಕವಿಲ್ಲದ ಒಂದು ವಿದ್ಯಾಭ್ಯಾಸವು ಆ ಪುಟಗಳಲ್ಲಿ ನಡೆಯಿತು. ಗೋಡೆಯನ್ನು ಕಂಡು ಮುನಿಯುವವರು ಪುಸ್ತಕವನ್ನು ಕಂಡಿರಲಾರರು ಎಂಬ ಕಾರಣದಿಂದಲೇ ಈ ಬರಹ.

ಮೊದಲಿಗೆ ಇತಿಹಾಸವನ್ನು ಸ್ವಲ್ಪ ತಿಳಿಯೋಣ. ೧೯೬೦ರ ದಶಕದ ಕೊನೆಯ ವರ್ಷಗಳಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ‘ಕಾರ್ನ್‌ಬ್ರೆಡ್’ ಎಂಬ ಅಡ್ಡಹೆಸರಿನ ತರುಣನೊಬ್ಬನು ಊರಿನ ಗೋಡೆಗಳ ಮೇಲೆ ತನ್ನ ಹೆಸರನ್ನು ಬರೆಯತೊಡಗಿದನು. ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿಯೂ ಈ ಚಾಳಿ ತಲೆದೋರಿತು. ಅಲ್ಲಿ ೧೮೩ನೆಯ ಬೀದಿಯಲ್ಲಿ ವಾಸಿಸುತ್ತಿದ್ದ, ಗ್ರೀಕ್ ಮೂಲದ ಕುಟುಂಬದ ಹುಡುಗನೊಬ್ಬನು ಪತ್ರಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸದಲ್ಲಿದ್ದು, ಹೋದ ಹೋದಲ್ಲಿ ‘ಟಾಕಿ ೧೮೩’ ಎಂದು ಗೀಚಿ ಬರುತ್ತಿದ್ದನು. ೧೯೭೧ರ ಜುಲೈ ೨೧ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಅವನ ವಿಷಯವನ್ನು ಅಚ್ಚು ಹಾಕಿತು. ಅವನಿಗಿಂತ ಮೊದಲೇ ‘ಹೂಲಿಯೋ ೨೦೪’ ಎಂಬವನು ಬರೆಯುತ್ತಿದ್ದನು. ಆದರೆ ಪತ್ರಿಕೆಯಲ್ಲಿ ಹೆಸರು ಬಂದ ಬಳಿಕ ನೂರಾರು ಹುಡುಗರು ಮಾರ್ಕರ್ ಪೆನ್ನುಗಳನ್ನೂ ಸ್ಪ್ರೇ ಡಬ್ಬಿಗಳನ್ನೂ ಹಿಡಿದು ಬೀದಿಗಿಳಿದರು.

ನೂರಾರು ಹೆಸರುಗಳು ಒಂದರ ಪಕ್ಕ ಒಂದು ಬಂದು ನಿಂತಾಗ ಒಂದು ತೊಡಕು ಹುಟ್ಟಿತು. ಬರೀ ಬರೆದರೆ ಯಾರೂ ನೋಡರು. ಜಾತ್ರೆಯ ಗದ್ದಲದಲ್ಲಿ ಕೂಗಿದಂತೆ ಅದು. ನೋಡುವಂತಾಗಬೇಕಾದರೆ ಅಕ್ಷರಕ್ಕೆ ಬೇರೆಯೇ ಆದ ರೂಪ ಬೇಕು. ಹೀಗೆ ‘ಸ್ಟೈಲ್’ ಎಂಬುದು ಅವರ ಮಂತ್ರವಾಯಿತು. ಬ್ರಾಂಕ್ಸ್ ಭಾಗದ ‘ಫೇಝ್ ಟೂ’ ಎಂಬ ತರುಣನು ೧೯೭೨ರಲ್ಲಿ ಊದಿದ ಗುಳ್ಳೆಗಳಂತೆ ಮೃದುವಾದ, ದುಂಡಗಿನ ಅಕ್ಷರಗಳನ್ನು ಕಲ್ಪಿಸಿದನು. ಮುಂದೆ ಅವು ಜಗತ್ತಿನ ತುಂಬ ಹಬ್ಬಿದವು. ಫಿಲಡೆಲ್ಫಿಯಾದಿಂದ ಬಂದ ‘ಟಾಪ್ ಕ್ಯಾಟ್ ೧೨೬’ ಎಂಬವನು ತೆಳ್ಳಗೆ ನೀಳವಾಗಿ, ಪೀಠದ ಮೇಲೆ ನಿಂತಂತಿರುವ ಅಕ್ಷರಗಳನ್ನು ತಂದನು. ‘ಟ್ರೇಸಿ ೧೬೮’ ಎಂಬವನು ಒಂದಕ್ಕೊಂದು ಹೆಣೆದುಕೊಂಡು ಬಾಣಗಳನ್ನು ಚಾಚುವ ಜಟಿಲ ರೀತಿಗೆ ‘ವೈಲ್ಡ್ ಸ್ಟೈಲ್’ ಎಂಬ ಹೆಸರನ್ನು ಬಳಕೆಗೆ ತಂದನು. ಒಂದೊಂದು ಪ್ರದೇಶಕ್ಕೂ ಒಂದೊಂದು ಘರಾಣೆ ಇರುವ ಸಂಗೀತದಂತೆ ಬ್ರಾಂಕ್ಸಿಗೊಂದು ರೀತಿ, ಬ್ರೂಕ್ಲಿನ್ನಿಗೊಂದು ರೀತಿ, ಮ್ಯಾನ್‌ಹಟನ್ನಿಗೊಂದು ರೀತಿ ಬೆಳೆದವು.

ಇಂಗ್ಲಿಷ್ ಅಕ್ಷರಗಳಲ್ಲಿ ಇಷ್ಟೆಲ್ಲ ಮಾಡಲು ಏನಿದೆ ಎಂದು ನಮ್ಮವರಿಗೆ ಅನ್ನಿಸಬಹುದು. ನಮ್ಮ ಲಿಪಿಗಾದರೋ ತಲೆಕಟ್ಟಿದೆ, ಕೊಂಬಿದೆ, ಗುಡಿಸಿದೆ, ಒತ್ತಿದೆ. ಹೊರಳಲು ಬೇಕಾದಷ್ಟು ದಾರಿಗಳುಂಟು. ಇಂಗ್ಲಿಷಿನ ದೊಡ್ಡಕ್ಷರಗಳು ಮೂರು ನಾಲ್ಕು ಕಡ್ಡಿಗಳನ್ನು ಜೋಡಿಸಿದಂತೆ ಸರಳವಾದುವು. ಆ ಸರಳತೆಯೇ ಇವರಿಗೆ ಅನುಕೂಲವಾಯಿತು. ‘ಎ’ ಎಂಬ ಅಕ್ಷರಕ್ಕೆ ಎರಡು ಓರೆಗಾಲು, ನಡುವೆ ಒಂದು ಅಡ್ಡಪಟ್ಟಿ. ಕಾಲನ್ನು ಎಷ್ಟು ಬಾಗಿಸಬಹುದು? ಅಡ್ಡಪಟ್ಟಿಯನ್ನು ಎಲ್ಲಿಯವರೆಗೆ ಎಳೆದು ಪಕ್ಕದ ಅಕ್ಷರಕ್ಕೆ ಆನಿಸಬಹುದು? ಎಷ್ಟು ಬದಲಿಸಿದರೂ ಅದು ‘ಎ’ ಆಗಿಯೇ ಉಳಿಯುವ ಎಲ್ಲೆ ಯಾವುದು? ಈ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾ ಅವರು ಗಂಟೆಗಟ್ಟಲೆ ಪೆನ್ಸಿಲ್ ಹಿಡಿದು ಕುಳಿತರು. ಮೊದಲು ಹೊರರೇಖೆ, ಅದನ್ನು ಅವರು ‘ಔಟ್‌ಲೈನ್’ ಎನ್ನುತ್ತಾರೆ. ಬಳಿಕ ಒಳಗೆ ತುಂಬುವ ಬಣ್ಣ. ಬಳಿಕ ದಪ್ಪವನ್ನು ತೋರಿಸುವ ನೆರಳು. ಇವುಗಳಲ್ಲಿ ಔಟ್‌ಲೈನ್ ಎಂಬುದು ಜೀವಾಳ. ಅದು ಕೆಟ್ಟರೆ ಯಾವ ಬಣ್ಣವೂ ಕಾಯದು.

ಈ ಔಟ್‌ಲೈನುಗಳನ್ನು ಬರೆದಿಡುವ, ಗಟ್ಟಿ ರಟ್ಟಿನ ಕಪ್ಪು ಹೊದಿಕೆಯುಳ್ಳ ಚಿತ್ರಪುಸ್ತಕವನ್ನು ಅವರು ‘ಬ್ಲ್ಯಾಕ್ ಬುಕ್’ ಎಂದರು. ನಾವು ಅದನ್ನು ಕರಿ ಹೊತ್ತಗೆ ಎನ್ನೋಣ. ಪ್ರತಿಯೊಬ್ಬನ ಕಂಕುಳಲ್ಲಿಯೂ ಒಂದೊಂದು ಕರಿ ಹೊತ್ತಗೆ ಇರುತ್ತಿತ್ತು. ಬ್ರಾಂಕ್ಸಿನಲ್ಲಿ ೧೪೯ನೆಯ ಬೀದಿ ಗ್ರ್ಯಾಂಡ್ ಕಾನ್ಕೋರ್ಸ್ ಎಂಬ ಸುರಂಗ ರೈಲು ನಿಲ್ದಾಣವಿದೆ. ಅದರ ಪ್ಲಾಟ್‌ಫಾರ್ಮಿನ ಒಂದು ಬೆಂಚು ‘ರೈಟರ್ಸ್ ಬೆಂಚ್’ ಎಂದೇ ಪ್ರಸಿದ್ಧವಾಯಿತು. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಬೇರೆ ಬೇರೆ ಬಡಾವಣೆಗಳ ಹುಡುಗರು ಶಾಲೆ ಮುಗಿದ ಮೇಲೆ ಅಲ್ಲಿಗೆ ಬಂದು ಕೂಡುವರು. ಹಾದುಹೋಗುವ ರೈಲುಡಬ್ಬಿಗಳ ಮೇಲಿನ ಹೆಸರುಗಳನ್ನು ನೋಡಿ ಗುಣದೋಷಗಳನ್ನು ವಿಮರ್ಶಿಸುವರು. ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಹೊತ್ತಗೆಗಳು ಮಡಿಲಿನಿಂದ ಮಡಿಲಿಗೆ ಸಾಗುವುವು. ಕಪ್ಪು ಜನರ ಮಕ್ಕಳು, ಪೋರ್ಟೊರಿಕೊ ಮೂಲದವರ ಮಕ್ಕಳು, ಬಿಳಿಯರ ಮಕ್ಕಳು ಆ ಒಂದು ಬೆಂಚಿನ ಮೇಲೆ ಹೆಗಲು ತಾಗಿಸಿ ಕುಳಿತರು. ಗುಂಪು ಗುಂಪುಗಳ ನಡುವೆ ಕಾದಾಟವೇ ತುಂಬಿದ್ದ ಆ ಕಾಲದ ಬ್ರಾಂಕ್ಸಿನಲ್ಲಿ ಇದು ಸಣ್ಣ ಮಾತಲ್ಲ.

ವಿನಿಮಯದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಬ್ಬನು ತನ್ನ ಹೊತ್ತಗೆಯ ಒಂದು ಬರಿಯ ಪುಟವನ್ನು ತೆರೆದು ಇನ್ನೊಬ್ಬನ ಮುಂದೆ ಹಿಡಿಯುತ್ತಾನೆ. ಆ ಇನ್ನೊಬ್ಬನು ಅದರಲ್ಲಿ ತನ್ನ ಹೆಸರನ್ನು ಬರೆಯಬಹುದು. ಇಲ್ಲವೆ ಹೊತ್ತಗೆಯ ಒಡೆಯನ ಹೆಸರನ್ನೇ ತನ್ನ ರೀತಿಯಲ್ಲಿ ಬರೆದುಕೊಡಬಹುದು. ಪ್ರತಿಯಾಗಿ ಮೊದಲನೆಯವನು ಎರಡನೆಯವನ ಹೊತ್ತಗೆಯಲ್ಲಿ ಹಾಗೆಯೇ ಬರೆಯುತ್ತಾನೆ. ಆಮೇಲೆ ಇಬ್ಬರೂ ತಂತಮ್ಮ ಮನೆಗೆ ಹೋಗಿ, ಕೊಟ್ಟ ಪುಟವನ್ನು ಎದುರಿಗಿಟ್ಟುಕೊಂಡು, ಆ ರೇಖೆಗಳನ್ನು ಮತ್ತೆ ಮತ್ತೆ ಎಳೆದು ನೋಡುತ್ತಾರೆ. ಇವನ ಬಾಗು ಎಲ್ಲಿ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ? ಎರಡು ಅಕ್ಷರಗಳ ನಡುವಣ ಬಯಲನ್ನು ಇವನು ಹೇಗೆ ತುಂಬಿದ್ದಾನೆ? ಈ ಬಾಣವು ಅಲಂಕಾರವೋ, ಅಥವಾ ಅಕ್ಷರದ ಕಾಲೇ ಹಾಗೆ ಬೆಳೆದಿದೆಯೋ? ಕಣ್ಣು ಕೇಳುವ ಪ್ರಶ್ನೆಗೆ ಕೈ ಉತ್ತರಿಸುತ್ತದೆ. ನೂರು ಸಲ ನೋಡಿದರೂ ತಿಳಿಯದುದು ಹತ್ತು ಸಲ ಎಳೆದರೆ ತಿಳಿಯುತ್ತದೆ.

ಇದರಲ್ಲಿ ಅಡಗಿರುವ ಸೂಕ್ಷ್ಮವೊಂದನ್ನು ವಾಚಕರು ಗಮನಿಸಬೇಕು. ಈ ತರುಣರಲ್ಲಿ ಪ್ರತಿಯೊಬ್ಬನೂ ವರ್ಷಾನುಗಟ್ಟಲೆ ಬರೆಯುತ್ತಿದ್ದುದು ತನ್ನ ಹೆಸರಿನ ನಾಲ್ಕೈದು ಅಕ್ಷರಗಳನ್ನು ಮಾತ್ರ. ಆ ನಾಲ್ಕೈದರಲ್ಲಿ ಅವನು ಪ್ರವೀಣನಾಗುವನು. ಉಳಿದ ಇಪ್ಪತ್ತೊಂದರಲ್ಲಿ ಎಳೆಯ ಮಗುವಾಗಿಯೇ ಉಳಿಯುವನು. ಇನ್ನೊಬ್ಬನ ಹೆಸರನ್ನು ಬರೆಯಬೇಕಾದಾಗ ಅವನು ತನಗೆ ಒಲಿಯದ ಅಕ್ಷರಗಳನ್ನು ಮೊದಲ ಬಾರಿಗೆ ಎದುರಿಸುತ್ತಾನೆ. ತನ್ನ ರೀತಿ ಎಂದು ತಾನು ಹೆಮ್ಮೆಪಟ್ಟುದು ನಿಜವಾಗಿ ರೀತಿಯೋ, ಅಥವಾ ಅಭ್ಯಾಸಬಲದ ನಾಲ್ಕು ತಿರುವುಗಳೋ ಎಂಬುದು ಆಗ ಬಯಲಾಗುತ್ತದೆ. ಅಂತೆಯೇ ತನ್ನ ಹೆಸರನ್ನು ಪರರ ಕೈಯಲ್ಲಿ ಕಂಡಾಗ, ಸಾವಿರ ಸಲ ಬರೆದು ಸವೆದುಹೋದ ಆ ಅಕ್ಷರಗಳು ಹೊಸದಾಗಿ ಕಾಣುತ್ತವೆ. ತನ್ನನ್ನು ತಾನು ಅರಿಯಲು ಎರಡನೆಯವನ ಕಣ್ಣು ಬೇಕೆಂಬ ಹಳೆಯ ಸತ್ಯವನ್ನು ಈ ಹುಡುಗರು ಪೆನ್ಸಿಲಿನ ಮೊನೆಯಲ್ಲಿ ಕಂಡುಕೊಂಡರು.

ಹೊಸಬನನ್ನು ಅವರು ‘ಟಾಯ್’, ಎಂದರೆ ಆಟಿಕೆ ಎಂದು ಹೀಯಾಳಿಸುತ್ತಿದ್ದರು. ಆ ಹೀಯಾಳಿಕೆಯಿಂದ ಪಾರಾಗಲು ಒಂದೇ ದಾರಿ: ಬಲ್ಲವನೊಬ್ಬನ ಕೃಪೆ. ಹಿರಿಯನು ಒಪ್ಪಿದರೆ ಕಿರಿಯನಿಗೆ ಒಂದು ಔಟ್‌ಲೈನ್ ಬರೆದುಕೊಡುವನು. ಕಿರಿಯನು ಅದನ್ನು ಹಿಡಿದು ಅಭ್ಯಾಸ ಮಾಡುವನು. ಕೆಲವೊಮ್ಮೆ ಅದನ್ನೇ ರೈಲಿನ ಮೇಲೆ ದೊಡ್ಡದಾಗಿ ಬಿಡಿಸುವನು. ಬ್ರೂಕ್ಲಿನ್ನಿನ ಡಾಂಡಿ ವೈಟ್ ಎಂಬವನು ಈ ಬಗೆಯ ಔದಾರ್ಯಕ್ಕೆ ಹೆಸರಾದವನು. ೧೯೬೧ರಲ್ಲಿ ಹುಟ್ಟಿ ೧೯೯೮ರಲ್ಲಿ ತೀರಿಕೊಂಡ ಆತನನ್ನು ಅಕ್ಷರರೀತಿಯ ಪರಮಾಚಾರ್ಯನೆಂದು ಇಂದಿಗೂ ಆ ವಲಯದವರು ಗೌರವಿಸುತ್ತಾರೆ. ಸ್ಪಷ್ಟವಾಗಿ ಓದಲು ಬರುವ ಅಕ್ಷರವನ್ನೂ ತಿಳಿದವರಿಗಷ್ಟೇ ತೆರೆದುಕೊಳ್ಳುವ ಅಕ್ಷರವನ್ನೂ ಆತನು ಒಂದೇ ಹಿಡಿತದಿಂದ ಬರೆಯಬಲ್ಲವನಾಗಿದ್ದನು. ತನ್ನ ಬಳಗದವರಿಗೆ ಆತನು ಕೊಟ್ಟ ಔಟ್‌ಲೈನುಗಳಿಂದ ಅವರ ಕೈಗಳು ಪಳಗಿದವು.

ಆದರೆ ಇದೇ ವಲಯದಲ್ಲಿ ಒಂದು ಕಠಿಣವಾದ ನಿಷೇಧವೂ ಇತ್ತು. ಒಬ್ಬನ ರೀತಿಯನ್ನು ಅವನನ್ನು ಕೇಳದೆ ಎತ್ತಿಕೊಂಡು ತನ್ನದೆಂದು ಮೆರೆಯುವುದನ್ನು ಅವರು ‘ಬೈಟಿಂಗ್’, ಎಂದರೆ ಕಚ್ಚುವುದು ಎಂದು ಜರೆಯುತ್ತಿದ್ದರು. ಕಚ್ಚುವವನಿಗೆ ಬೆಂಚಿನ ಮೇಲೆ ಮಾನವಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಯೇ ಕಲಿಯುತ್ತಿದ್ದಾಗ ಕಲಿಯುವುದಕ್ಕೂ ಕಚ್ಚುವುದಕ್ಕೂ ಭೇದವೇನು ಎಂಬ ಪ್ರಶ್ನೆ ಏಳುತ್ತದೆ. ನಮಗೆ ತೋರುವ ಉತ್ತರವಿದು. ಕೊಟ್ಟುದನ್ನು ಪಡೆಯುವುದು ಕಲಿಕೆ. ಕೊಟ್ಟವನ ಹೆಸರನ್ನು ಹೇಳುವುದು ಕಲಿಕೆಯ ಗುರುತು. ಪಡೆದುದಕ್ಕೆ ತನ್ನದೊಂದು ಗೆರೆಯನ್ನು ಕೂಡಿಸಿ ಮರಳಿ ಕೊಡುವುದು ಕಲಿಕೆಯ ಫಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಕಳವಿನ ಕಡೆಗೆ ವಾಲುತ್ತದೆ. ಕಾನೂನನ್ನು ಲೆಕ್ಕಿಸದ ಹುಡುಗರು ತಮ್ಮೊಳಗೆ ಇಂಥದೊಂದು ಕಟ್ಟಳೆಯನ್ನು ಕಟ್ಟಿಕೊಂಡದ್ದು ವಿಚಿತ್ರವಾದರೂ ಸತ್ಯ.

ಕೂಡಿಸುವುದು ಎಂದರೇನೆಂಬುದಕ್ಕೆ ‘ಕೇಸ್ ಟೂ’ ಎಂಬ ಬ್ರಾಂಕ್ಸಿನ ಕಲಾವಿದನು ನಿದರ್ಶನ. ಬಾಲ್ಯದಲ್ಲಿ ಒದಗಿದ ಅಪಘಾತದಲ್ಲಿ ಆತನು ಒಂದು ತೋಳನ್ನು ಕಳೆದುಕೊಂಡಿದ್ದನು. ಉಳಿದ ಒಂದೇ ಕೈಯಿಂದ ಆತನು ವೈಲ್ಡ್ ಸ್ಟೈಲಿನ ಬಾಗು ಬಳುಕುಗಳನ್ನು ತುಂಡರಿಸಿ, ಚೌಕ ಚೌಕವಾದ ಚೂರುಗಳಾಗಿ ಒಡೆದು ಮರಳಿ ಜೋಡಿಸಿದನು. ಆ ರೀತಿಗೆ ಆತನೇ ಇಟ್ಟ ಹೆಸರು ‘ಕಂಪ್ಯೂಟರ್ ರಾಕ್’. ಹಿಂದಿನವರ ಬಳುಕು ಇಲ್ಲದಿದ್ದರೆ ಈತನಿಗೆ ಒಡೆಯಲು ಏನೂ ಇರುತ್ತಿರಲಿಲ್ಲ. ಒಡೆಯುವ ಧೈರ್ಯವಿಲ್ಲದಿದ್ದರೆ ಹಿಂದಿನವರ ಬಳುಕೇ ಬಳುಕಾಗಿ ಉಳಿಯುತ್ತಿತ್ತು. ಆತನು ೨೦೧೧ರಲ್ಲಿ ನಿಧನನಾದನು. ಅವನ ಚೂರು ಅಕ್ಷರಗಳ ಮಾದರಿಯನ್ನು ಇಂದಿಗೂ ತರುಣರು ತಮ್ಮ ಹೊತ್ತಗೆಗಳಲ್ಲಿ ಅಭ್ಯಾಸ ಮಾಡುತ್ತಾರೆ.

ಹುಡುಗಿಯರಿಗೆ ಈ ಬೆಂಚಿನಲ್ಲಿ ಸ್ಥಳ ಸುಲಭವಾಗಿ ದೊರೆಯಲಿಲ್ಲ. ಈಕ್ವಡಾರಿನಲ್ಲಿ ೧೯೬೪ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ‘ಲೇಡಿ ಪಿಂಕ್’ ೧೯೭೯ರಲ್ಲಿ ಬರೆಯತೊಡಗಿದಳು. ಮ್ಯಾನ್‌ಹಟನ್ನಿನ ಹೈಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನ್ ಎಂಬ ಸರ್ಕಾರಿ ಶಾಲೆಯಲ್ಲಿ ಆಕೆ ವಿದ್ಯಾರ್ಥಿನಿ. ‘ಡೇಝ್’ ಮುಂತಾದ ಹೆಸರಾಂತ ಬರೆಯುವವರೂ ಅಲ್ಲಿ ಓದಿದವರೇ. ತರಗತಿಯಲ್ಲಿ ಗುರುಗಳು ಚಿತ್ರಕಲೆಯ ನಿಯಮಗಳನ್ನು ಕಲಿಸಿದರೆ, ಸಹಪಾಠಿಗಳ ನಡುವೆ ಕರಿ ಹೊತ್ತಗೆಗಳು ಬೇರೊಂದು ಪಾಠವನ್ನು ಹೇಳುತ್ತಿದ್ದವು. ಹೆಣ್ಣುಮಗಳು ಕತ್ತಲಲ್ಲಿ ರೈಲುಯಾರ್ಡಿಗೆ ಬಂದು ಬರೆಯಲಾರಳು, ಯಾರೋ ಬರೆದುಕೊಟ್ಟಿರಬೇಕು ಎಂಬ ಸಂಶಯಕ್ಕೆ ಆಕೆ ತನ್ನ ಕೈಯಿಂದಲೇ ಉತ್ತರ ಕೊಡಬೇಕಾಯಿತು, ಕೊಟ್ಟಳು. ಮುಂದೆ ಆಕೆ ಗೋಡೆಚಿತ್ರಗಳ ಕಲಾವಿದೆಯಾಗಿ ನೆಲೆ ನಿಂತು ಶಾಲಾ ಮಕ್ಕಳಿಗೂ ಕಲಿಸಿದಳು.

ವಿನಿಮಯದ ಬೆಲೆ ತಿಳಿಯಬೇಕಾದರೆ ಅದಕ್ಕೆ ಪ್ರತಿಯಾದುದನ್ನೂ ನೋಡಬೇಕು. ಟೋನಿ ಸಿಲ್ವರ್ ಮತ್ತು ಹೆನ್ರಿ ಚಾಲ್ಫಂಟ್ ಎಂಬವರು ೧೯೮೩ರಲ್ಲಿ ‘ಸ್ಟೈಲ್ ವಾರ್ಸ್’ ಎಂಬ ಸಾಕ್ಷ್ಯಚಿತ್ರವನ್ನು ತಯಾರಿಸಿದರು. ಅದರಲ್ಲಿ ‘ಕ್ಯಾಪ್’ ಎಂಬವನೊಬ್ಬನಿದ್ದಾನೆ. ಇತರರು ರಾತ್ರಿಯೆಲ್ಲ ದುಡಿದು ಬಿಡಿಸಿದ ಅಕ್ಷರಗಳ ಮೇಲೆ ತನ್ನ ಹೆಸರನ್ನು ಒರಟಾಗಿ ಎರಚಿ ಹೋಗುವುದೇ ಅವನ ಕಾಯಕ. ಹೆಚ್ಚು ಕಡೆ ಹೆಸರು ಕಾಣಬೇಕೆಂಬುದಷ್ಟೇ ಅವನ ವಾದ. ಅಂದಚೆಂದದ ಗೊಡವೆ ಅವನಿಗಿಲ್ಲ. ಅವನಿಗೂ ಬೆಂಚಿನವರಿಗೂ ಇದ್ದ ಅಂತರವು ಬಣ್ಣದಲ್ಲಿರಲಿಲ್ಲ. ಅವರು ಇನ್ನೊಬ್ಬನ ಪುಟವನ್ನು ಕೇಳಿ ಪಡೆದು ಬರೆದರು. ಇವನು ಇನ್ನೊಬ್ಬನ ಬರಹದ ಮೇಲೆಯೇ ಬರೆದನು. ಅವರ ಹೆಸರುಗಳನ್ನು ಕಲಾಭ್ಯಾಸಿಗಳು ಇಂದಿಗೂ ಎಳೆದೆಳೆದು ಕಲಿಯುತ್ತಾರೆ. ಇವನನ್ನು ಜನರು ನೆನೆಯುವುದು ಅಳಿಸಿದವನೆಂದು ಮಾತ್ರ.

ಅದೇ ಚಿತ್ರದಲ್ಲಿ ನಮ್ಮ ಗೃಹಸ್ಥ ವಾಚಕರು ನೋಡಬೇಕಾದ ಇನ್ನೊಂದು ಭಾಗವುಂಟು. ‘ಸ್ಕೀಮ್’ ಎಂಬ ಹುಡುಗನೂ ಅವನ ತಾಯಿಯೂ ಮನೆಯಲ್ಲಿ ಕುಳಿತು ಮಾತನಾಡುತ್ತಾರೆ. ಮಗನು ತನ್ನ ಸಾಹಸವನ್ನು ಹೇಳಿಕೊಳ್ಳುತ್ತಾನೆ. ತಾಯಿಯು ಬೇಸರವನ್ನು ಬಚ್ಚಿಡುವುದಿಲ್ಲ. ಆಕೆಯ ಕಡೆಗೆ ನ್ಯಾಯವಿಲ್ಲವೆಂದು ಯಾರು ಹೇಳಬಲ್ಲರು? ರೈಲುಯಾರ್ಡಿನಲ್ಲಿ ೬೦೦ಕ್ಕೂ ಮಿಗಿಲಾದ ವೋಲ್ಟಿನ ವಿದ್ಯುತ್ ಹರಿಯುವ ಮೂರನೆಯ ಹಳಿ ತೆರೆದೇ ಇರುತ್ತದೆ. ಕತ್ತಲಲ್ಲಿ ಕಾಲು ಜಾರಿದರೆ ಅಲ್ಲಿಗೆ ಮುಗಿಯಿತು. ಸ್ಪ್ರೇ ಡಬ್ಬಿಗಳನ್ನು ಅಂಗಡಿಗಳಿಂದ ಕದ್ದು ತರುವುದು ಆ ಹುಡುಗರಲ್ಲಿ ಸಾಮಾನ್ಯವಾಗಿತ್ತು. ದಿನವೂ ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗುವ ಬಡವರು ಕಿಟಕಿಯ ಗಾಜಿನ ಮೇಲೂ ಬಣ್ಣ ಬಿದ್ದು ನಿಲ್ದಾಣ ಕಾಣದೆ ಪರದಾಡಿದರು. ರೈಲು ಎಲ್ಲರದು, ಎಲ್ಲರದಾದುದರ ಮೇಲೆ ಒಬ್ಬನು ತನ್ನ ಹೆಸರನ್ನು ಬರೆಯುವುದು ಎಲ್ಲರಿಂದ ಕಸಿದುಕೊಂಡಂತೆಯೇ. ಪುಟವನ್ನು ಕೇಳಿ ಪಡೆಯುವ ಮರ್ಯಾದೆಯನ್ನು ತಮ್ಮೊಳಗೆ ಅಷ್ಟು ಬಿಗಿಯಾಗಿ ಪಾಲಿಸಿದವರು ಅದನ್ನು ಊರಿನ ಜನರಿಗೆ ತೋರಿಸಲಿಲ್ಲ. ಇದು ಅವರ ವಿದ್ಯೆಯಲ್ಲಿದ್ದ ಕೊರತೆ; ಅದನ್ನು ಮುಚ್ಚಿಟ್ಟು ಹೊಗಳುವುದು ನಮಗೆ ಸಲ್ಲದು.

ನಗರವೂ ಸುಮ್ಮನಿರಲಿಲ್ಲ. ೧೯೭೨ರಲ್ಲಿ ಜಾನ್ ಲಿಂಡ್ಸೆ ಮೇಯರ್ ಆಗಿದ್ದಾಗ ಗ್ರಾಫಿಟಿಯ ವಿರುದ್ಧ ಕಾನೂನು ಬಂತು. ಡಬ್ಬಿಗಳನ್ನು ರಾಸಾಯನಿಕ ದ್ರವದಿಂದ ತೊಳೆಯುವ ಏರ್ಪಾಟು ಆಯಿತು. ೧೯೮೧ರಲ್ಲಿ ಎಡ್ ಕಾಚ್ ಎಂಬ ಮೇಯರ್ ಕಾಲದಲ್ಲಿ ಯಾರ್ಡಿನ ಸುತ್ತ ಎರಡು ಸುತ್ತು ಬೇಲಿ ಹಾಕಿ ನಡುವೆ ಕಾವಲು ನಾಯಿಗಳನ್ನು ಬಿಟ್ಟರು. ೧೯೮೪ರಿಂದ ರೈಲು ಸಂಸ್ಥೆಯು ಒಂದು ಹೊಸ ನಿಯಮವನ್ನು ತಂದಿತು. ಒಮ್ಮೆ ಸ್ವಚ್ಛಗೊಳಿಸಿದ ಡಬ್ಬಿಯ ಮೇಲೆ ಮತ್ತೆ ಬರಹ ಕಂಡರೆ ಅದನ್ನು ಅಳಿಸುವವರೆಗೆ ಓಡಿಸುವಂತಿಲ್ಲ. ಬರೆದುದನ್ನು ಯಾರೂ ನೋಡದಂತಾದ ಮೇಲೆ ಬರೆಯುವ ಆಸೆಯೂ ಬತ್ತಿತು. ೧೯೮೯ರ ಮೇ ೧೨ರಂದು ಬಣ್ಣ ಬಳಿದ ಕೊನೆಯ ರೈಲನ್ನು ಸಂಚಾರದಿಂದ ತೆಗೆಯಲಾಯಿತು. ಹದಿನೆಂಟು ವರ್ಷಗಳ ಕಾಲ ರೈಲುಗಳ ಮೈಮೇಲೆ ಓಡಾಡಿದ ಅಕ್ಷರಗಳಲ್ಲಿ ಅಂದು ಒಂದೂ ಉಳಿಯಲಿಲ್ಲ.

ಹಾಗಾದರೆ ಎಲ್ಲವೂ ಅಳಿಯಿತೇ? ಇಲ್ಲ. ಆ ಹೊತ್ತಿಗಾಗಲೇ ಅಕ್ಷರಗಳು ಕೈಯಿಂದ ಕೈಗೆ ದಾಟಿ ಸಮುದ್ರವನ್ನೂ ದಾಟಿದ್ದವು. ೧೯೮೩ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಬೊಯ್ಮನ್ಸ್ ವಸ್ತುಸಂಗ್ರಹಾಲಯವು ನ್ಯೂಯಾರ್ಕಿನವರ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಆ ವರ್ಷಗಳಲ್ಲಿ ಡಾಂಡಿ ಮೊದಲಾದವರು ಆಮ್‌ಸ್ಟರ್‌ಡ್ಯಾಮಿಗೂ ಹೋಗಿಬಂದರು. ಅಲ್ಲಿ ‘ಶೂ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ೧೯೬೭ರಲ್ಲಿ ಹುಟ್ಟಿದ ನೀಲ್ಸ್ ಮ್ಯೂಲ್ಮನ್ ಎಂಬ ಹುಡುಗನು ಅವರ ಬಳಿಯಲ್ಲಿ ಕಲಿತನು. ಆತನು ಪ್ಯಾರಿಸಿನ ‘ಬ್ಯಾಂಡೊ’, ಲಂಡನ್ನಿನ ‘ಮೋಡ್ ಟೂ’ ಇವರೊಂದಿಗೆ ಬಳಗ ಕಟ್ಟಿದನು. ಮೂರು ದೇಶಗಳ ಮೂವರು ತರುಣರು ನ್ಯೂಯಾರ್ಕಿನ ಬೆಂಚಿನಲ್ಲಿ ಹುಟ್ಟಿದ ರೇಖೆಗಳನ್ನು ಹಂಚಿಕೊಂಡು ಯೂರೋಪಿನದೇ ಆದ ರೀತಿಯನ್ನು ಬೆಳೆಸಿದರು. ೨೦೦೭ರಲ್ಲಿ ಮ್ಯೂಲ್ಮನ್ನನು ಹಳೆಯ ಸುಂದರ ಬರವಣಿಗೆಯ ಕಲೆಯನ್ನು ಬೀದಿಯ ಅಕ್ಷರದೊಡನೆ ಕೂಡಿಸಿ ‘ಕ್ಯಾಲಿಗ್ರಾಫಿಟಿ’ ಎಂಬ ಹೆಸರಿನಿಂದ ಪ್ರದರ್ಶಿಸಿದನು. ಪಡೆದುದಕ್ಕೆ ಕೂಡಿಸಿ ಕೊಡುವ ಕ್ರಮವು ಅಲ್ಲಿಯೂ ನಿಲ್ಲಲಿಲ್ಲ.

ಬಲ್ಲವರನ್ನು ನೇರವಾಗಿ ಕಾಣಲಾರದವರಿಗೆ ಮಾರ್ಥಾ ಕೂಪರ್ ಮತ್ತು ಹೆನ್ರಿ ಚಾಲ್ಫಂಟ್ ೧೯೮೪ರಲ್ಲಿ ಪ್ರಕಟಿಸಿದ ‘ಸಬ್‌ವೇ ಆರ್ಟ್’ ಎಂಬ ಛಾಯಾಚಿತ್ರ ಗ್ರಂಥವು ಪಠ್ಯಪುಸ್ತಕವಾಯಿತು. ದೂರದ ಊರುಗಳ ಹುಡುಗರು ಅದರ ಪುಟಗಳನ್ನು ಎದುರಿಗಿಟ್ಟುಕೊಂಡು ತಿದ್ದಿದರು. ಅಂಚೆಯ ಮೂಲಕ ಛಾಯಾಚಿತ್ರಗಳನ್ನೂ ಔಟ್‌ಲೈನುಗಳನ್ನೂ ವಿನಿಮಯ ಮಾಡಿಕೊಳ್ಳುವ ಪದ್ಧತಿಯೂ ಬೆಳೆಯಿತು. ತನ್ನ ಹೆಸರನ್ನು ಕಾಗದದಲ್ಲಿ ಬರೆದು ಕಳುಹಿಸಿ, ಎಂದೂ ಮುಖ ನೋಡದ ಗೆಳೆಯನ ಕೈಯಲ್ಲಿ ಅದು ಹೇಗಾಗಿ ಬರುವುದೋ ಎಂದು ಅಂಚೆಯವನ ದಾರಿ ಕಾಯುತ್ತಾ ಕುಳಿತವರು ಅವರು. ಇಂದು ಮೊಬೈಲಿನಲ್ಲಿ ಚಿತ್ರವು ಕ್ಷಣದಲ್ಲಿ ತಲುಪುತ್ತದೆ. ಆದರೆ ಚಿತ್ರವು ತಲುಪಿದ ಮಾತ್ರಕ್ಕೆ ವಿದ್ಯೆ ತಲುಪದು. ಈಗಲೂ ಅದನ್ನು ಕೈಯಿಂದ ಎಳೆದು ನೋಡಿ ಎಳೆದು ಕಳುಹಿಸಬೇಕು.

ಒಡೆಯನ ಅನುಮತಿಯಿಂದ ಬರೆದ ಗೋಡೆಗಳ ಕಥೆಯೂ ಇದೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆಯ ಕಟ್ಟಡವಿತ್ತು. ಅದರ ಮಾಲೀಕನು ಕಲಾವಿದರಿಗೆ ಗೋಡೆಗಳನ್ನು ಬಿಟ್ಟುಕೊಟ್ಟಿದ್ದನು. ಹೊರನಾಡುಗಳಿಂದಲೂ ಕಲಾವಿದರು ಅಲ್ಲಿಗೆ ಬಂದು ಬರೆಯುತ್ತಿದ್ದರು. ೨೦೧೩ರ ನವೆಂಬರಿನಲ್ಲಿ ಮಾಲೀಕನು ಒಂದೇ ರಾತ್ರಿಯಲ್ಲಿ ಎಲ್ಲದರ ಮೇಲೂ ಬಿಳಿ ಬಣ್ಣ ಬಳಿಸಿದನು. ಮುಂದಿನ ವರ್ಷ ಕಟ್ಟಡವೂ ನೆಲಸಮವಾಯಿತು. ಕಲಾವಿದರು ನ್ಯಾಯಾಲಯಕ್ಕೆ ಹೋದರು. ೨೦೧೮ರಲ್ಲಿ ನ್ಯಾಯಾಧೀಶರು ೪೫ ಕೃತಿಗಳಿಗಾಗಿ ೨೧ ಮಂದಿ ಕಲಾವಿದರಿಗೆ ಒಟ್ಟು ೬೭ ಲಕ್ಷ ೫೦ ಸಾವಿರ ಡಾಲರ್ ಪರಿಹಾರವನ್ನು ವಿಧಿಸಿದರು. ೨೦೨೦ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೇಳಿ ಪಡೆದ ಗೋಡೆಗೆ ಕಾನೂನು ಮಾನ ಕೊಟ್ಟಿತು ಎಂಬುದನ್ನು ನಾವು ಗಮನಿಸತಕ್ಕದ್ದು. ಆದರೆ ಹಣ ಬಂದರೂ ಅಕ್ಷರಗಳು ಬರಲಿಲ್ಲ.

ಉಳಿದುದು ಎಲ್ಲಿ ಎಂದು ಕೇಳಿದರೆ ಮತ್ತೆ ಆ ಕರಿ ಹೊತ್ತಗೆಗಳ ಕಡೆಗೇ ಹೋಗಬೇಕು. ಮಾರ್ಟಿನ್ ವಾಂಗ್ ಎಂಬ ಚೀನೀ ಮೂಲದ ಅಮೆರಿಕದ ಚಿತ್ರಕಾರನು ಬಣ್ಣ ಕಾಗದಗಳನ್ನು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದನು. ಅಲ್ಲಿಗೆ ಬರುವ ಈ ತರುಣರೊಡನೆ ಆತನಿಗೆ ಸ್ನೇಹವಾಯಿತು. ಬೇರೆಯವರು ಕಸವೆಂದು ಕಂಡ ಅವರ ಚಿತ್ರಗಳನ್ನೂ ಹೊತ್ತಗೆಗಳನ್ನೂ ಆತನು ಕೊಂಡು ಕೂಡಿಟ್ಟನು. ೧೯೯೪ರಲ್ಲಿ ೩೦೦ಕ್ಕೂ ಹೆಚ್ಚಿನ ಆ ಸಂಗ್ರಹವನ್ನು ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು; ೧೯೯೯ರಲ್ಲಿ ತೀರಿಕೊಂಡನು. ೨೦೧೪ರಲ್ಲಿ ಆ ಸಂಗ್ರಹವನ್ನು ಸಾರ್ವಜನಿಕರಿಗೆ ಪ್ರದರ್ಶಿಸಿದಾಗ ಹೊತ್ತಗೆಗಳೂ ಗಾಜಿನ ಪೆಟ್ಟಿಗೆಯಲ್ಲಿದ್ದವು. ಯಾವ ನಗರವು ರಾಸಾಯನಿಕದಿಂದ ಆ ಅಕ್ಷರಗಳನ್ನು ತೊಳೆಯಿತೋ ಆ ನಗರವೇ ಅವುಗಳ ಕರಡನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ಎಲ್ಲರೂ ನೋಡಲೆಂದು ಬಲವಂತದಿಂದ ಬರೆದುದು ಅಳಿಯಿತು. ಒಬ್ಬನು ಕಲಿಯಲೆಂದು ಪ್ರೀತಿಯಿಂದ ಬರೆದುಕೊಟ್ಟುದು ಉಳಿಯಿತು. ಅಕ್ಷರ ಎಂಬ ಪದಕ್ಕೆ ಹಿರಿಯರು ಹೇಳಿದ ಅರ್ಥವು ಇಲ್ಲಿ ಹೊಸ ಬೆಳಕಿನಲ್ಲಿ ಕಾಣುತ್ತದೆ. ಅದರ ಅಳಿವಿಲ್ಲದಿಕೆಯು ಕಲ್ಲಿನಲ್ಲೂ ಇಲ್ಲ, ಬಣ್ಣದಲ್ಲೂ ಇಲ್ಲ. ಒಬ್ಬನ ಕೈಯಿಂದ ಹೊರಟುದನ್ನು ಇನ್ನೊಬ್ಬನ ಕೈ ಮುಂದುವರಿಸುವಲ್ಲಿ ಇದೆ.

ಮಾತೆಯರೂ ತಂದೆಯರೂ ಆದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಮಕ್ಕಳ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಹೆಸರುಗಳನ್ನು ಹತ್ತು ಬಗೆಯಾಗಿ ಬರೆದುದು ಕಂಡರೆ ಒಡನೆಯೇ ಹರಿದೆಸೆಯಬೇಡಿರಿ. ಅದು ಯಾರ ಕೈ ಎಂದು ಕೇಳಿರಿ. ಗೆಳೆಯನು ಬರೆದುಕೊಟ್ಟನೆಂದರೆ, ನೀನು ಅವನಿಗೆ ಏನು ಬರೆದುಕೊಟ್ಟೆ ಎಂದು ಕೇಳಿರಿ. ಆ ಪುಟಕ್ಕಾಗಿ ಬೇರೊಂದು ಪುಸ್ತಕವನ್ನು ನೀವೇ ತಂದುಕೊಡಿರಿ. ಗೋಡೆಗೆ ಕೈ ಹಾಕುವ ಮುನ್ನ ಗೋಡೆಯ ಒಡೆಯನನ್ನು ಕೇಳಬೇಕೆಂಬ ಮಾತನ್ನೂ ಅಂದೇ ಹೇಳಿರಿ. ಗೆಳೆಯನ ಪುಟವನ್ನು ಕೇಳಿ ಪಡೆದು ಬರೆಯಲು ಕಲಿತ ಮಗುವಿಗೆ ಆ ಮಾತು ಬೇಗ ಅರ್ಥವಾಗುತ್ತದೆ.